ಬಟಾಣಿ ಪಫರ್‌ಗೆ ಹಾಕಿದ ಬಸವನಹುಳುಗಳು ಸುಮ್ನೆ ಸಾಯುವುದು ಯಾಕೆ?

ಪ್ರಶ್ನೆ: ಮಂಗಳೂರಿನಿಂದ ನಾಲ್ಕು ಬಟಾಣಿ ಪಫರ್ ಮೀನು ತಂದು, ಗಪ್ಪಿಗಳಿದ್ದ ಎರಡಡಿ ಟ್ಯಾಂಕಿಗೆ ಬಿಟ್ಟೆ. ಈಗ ಗಪ್ಪಿಗಳ ಬಾಲ ಹರಿದಿದೆ. ಪಫರ್‌ಗಳು ಕಾಳಿನ ಆಹಾರ ಮೂಸಿಯೂ ನೋಡುವುದಿಲ್ಲ, ಒಂದರ ಹೊಟ್ಟೆ ಒಳಕ್ಕೆ ಹೋಗಿದೆ. ತೋಟದ ಟಾಂಕಿಯಿಂದ ಪುಟ್ಟ ಬಸವನಹುಳು ತಂದು ಹಾಕಿದರೆ ಅವು ತಾವಾಗಿಯೇ ಸಾಯುತ್ತವೆ. ನಮ್ಮದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಉಪ್ಪು ಹಾಕಿ ಅಂತ ಅಂಗಡಿಯವರು ಹೇಳಿದರು. ಹಾಕಬಹುದೇ? – ಬದಿಯಡ್ಕದ ಓದುಗರು

ಉತ್ತರ: ಉಪ್ಪು ಬೇಡ. ಗಪ್ಪಿಗಳನ್ನು ಇವತ್ತೇ ಬೇರೆ ಮಾಡಿ.

ಬಟಾಣಿ ಪಫರ್ ಅಪ್ಪಟ ಸಿಹಿನೀರಿನ ಮೀನು, ಅದೂ ನಮ್ಮ ಪಶ್ಚಿಮ ಘಟ್ಟದ್ದೇ. ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು 1941ರಲ್ಲಿ ಪಂಪಾ ನದಿಯ ಮೀನುಗಳನ್ನು ನೋಡಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು, ಹೆಸರಲ್ಲೇ ತಿರುವಾಂಕೂರು ಇದೆ. ಒಂದು ಅಂಗುಲದ ಮೀನು ಯಾರಿಗೇನು ಮಾಡೀತು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಬೇಟೆಗಾರ. ಹಲ್ಲುಗಳು ಗಿಳಿಯ ಕೊಕ್ಕಿನ ಹಾಗೆ ಕೂಡಿಕೊಂಡಿವೆ, ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಎರಡು ಕಣ್ಣನ್ನು ಬೇರೆಬೇರೆ ಕಡೆ ತಿರುಗಿಸಿ ನೋಡುತ್ತದೆ. ಬಸವನಹುಳು ಕಂಡರೆ ಸ್ವಲ್ಪ ಹೊತ್ತು ಎದುರಿಗೆ ನಿಂತು, ಅದು ಚಿಪ್ಪಿನಿಂದ ತಲೆ ಹೊರಗೆ ಹಾಕಿದ ಕೂಡಲೇ ಬಾಲವನ್ನು ಒಂದು ಬದಿಗೆ ಮಡಚಿ ಕಚ್ಚಿ ಎಳೆಯುತ್ತದೆ. ಇಂಥದ್ದಕ್ಕೆ ಒಣ ಕಾಳು ಹಾಕಿದರೆ ಮುಟ್ಟುವುದಿಲ್ಲ. ಮೀನಿನ ಹಟ ಅಂತ ಬೈಯಬೇಡಿ, ಅಲುಗಾಡದ್ದು ಅದರ ಲೆಕ್ಕದಲ್ಲಿ ಊಟವೇ ಅಲ್ಲ.

ಈಗ ಬಸವನಹುಳು ಸಾಯುವ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದೇ. ನನಗೆ ಅನುಮಾನ ಇರುವುದು ಎರಡರ ಮೇಲೆ.

ಮೊದಲನೆಯದು ಮೈಲುತುತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮಳೆಗಾಲಕ್ಕೆ ಮೊದಲೊಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಮದ್ದು ಬಿಡುತ್ತೀರಲ್ಲ, ಅದು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿದ ಬೋರ್ಡೋ ದ್ರಾವಣ. ಮೈಲುತುತ್ತು ಅಂದರೆ ತಾಮ್ರ. ಬಸವನಹುಳುವಿಗೆ ತಾಮ್ರ ಚೂರು ಸಾಕು, ಸಾಯುತ್ತದೆ. ಪಫರ್‌ಗೆ ಬೇರೆ ಮೀನಿನಂಥ ಹುರುಪೆ ಇಲ್ಲ, ಅದಕ್ಕೂ ತಾಮ್ರ ಆಗುವುದಿಲ್ಲ. ಮದ್ದು ಕಲಸಿದ ಬಕೆಟ್, ಡ್ರಮ್, ಪೈಪು ಯಾವುದೂ ಟ್ಯಾಂಕಿನ ಹತ್ತಿರ ಬರಬಾರದು, ಎಷ್ಟೇ ತೊಳೆದಿದ್ದರೂ ಬೇಡ. ತೋಟದ ಟಾಂಕಿಯ ಪಕ್ಕದಲ್ಲೇ ಮದ್ದು ಕಲಸುವ ರೂಢಿ ಇದ್ದರೆ ಅಲ್ಲಿಯ ಹುಳುಗಳೂ ಬೇಡ. ಮೀನಿನ ಮೈಮೇಲಿನ ಬಿಳಿ ಚುಕ್ಕೆಗೆ ಅಂಗಡಿಯಲ್ಲಿ ಕೊಡುವ ಕೆಲವು ಔಷಧಗಳಲ್ಲೂ ತಾಮ್ರ ಇರುತ್ತದೆ, ಲೇಬಲ್ ಓದಿ.

ಎರಡನೆಯದು ನೀರು. ಮುರಕಲ್ಲಿನಿಂದ ಒಸರಿ ಬರುವ ಸುರಂಗದ ನೀರು ನಮಗೆ ಕುಡಿಯಲು ಒಳ್ಳೆಯದೇ, ಆದರೆ ಸಾಮಾನ್ಯವಾಗಿ ಮೆದು ಮತ್ತು ಸ್ವಲ್ಪ ಆಮ್ಲೀಯ. ಇಂಥ ನೀರಿನಲ್ಲಿ ಚಿಪ್ಪು ಗಟ್ಟಿಯಾಗುವುದಿಲ್ಲ, ತುದಿಯಿಂದ ಬೆಳ್ಳಗಾಗಿ ಸವೆಯುತ್ತಾ ಬರುತ್ತದೆ. ತಾಮ್ರದ ವಿಷವೂ ಮೆದು ನೀರಿನಲ್ಲಿ ಜಾಸ್ತಿ. ಸತ್ತ ಹುಳುವಿನ ಚಿಪ್ಪು ನೋಡಿ. ಸವೆದಿದ್ದರೆ ನೀರಿನದ್ದೇ ತೊಂದರೆ. ಚಿಪ್ಪು ಚೆನ್ನಾಗಿದ್ದೂ ಒಂದೆರಡು ದಿನದಲ್ಲೇ ಎಲ್ಲವೂ ಸತ್ತಿದ್ದರೆ ತಾಮ್ರದ ಕಡೆ ನೋಡಬೇಕು.

ನೀರಿಗೆ ಪರಿಹಾರ ನಿಮ್ಮ ಅಡುಗೆಮನೆಯ ಹಿಂದೆಯೇ ಇದೆ. ಮರುವಾಯಿ (ಚಿಪ್ಪುಮೀನು) ತಿಂದು ಬಿಸಾಡಿದ ಚಿಪ್ಪುಗಳನ್ನು ಚೆನ್ನಾಗಿ ತಿಕ್ಕಿ, ಕುದಿಸಿ, ಒಣಗಿಸಿ ಒಂದು ಹಿಡಿ ಫಿಲ್ಟರ್ ಒಳಗೆ ಹಾಕಿ. ಅದು ನಿಧಾನಕ್ಕೆ ಕರಗಿ ಪಿಎಚ್ (ನೀರಿನ ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟು ಆಮ್ಲೀಯ) ಏರಿಸುತ್ತದೆ, 7ರಿಂದ 7.5ರ ಆಸುಪಾಸು ಬಂದರೆ ಸಾಕು. ಆದರೆ ಅದಕ್ಕೆ ಮೊದಲು ಒಂದು ಕೆಲಸ ಇದೆ. ಆಮ್ಲೀಯ ನೀರಿನಲ್ಲಿ ಫಿಲ್ಟರಿನ ಬ್ಯಾಕ್ಟೀರಿಯಾ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೀನು ಹೊರಹಾಕುವ ಅಮೋನಿಯಾ ಅಷ್ಟು ವಿಷವಾಗದ ರೂಪದಲ್ಲಿ ಸೇರಿಕೊಂಡಿರುತ್ತದೆ, ನೀವು ಒಮ್ಮೆಲೇ ಪಿಎಚ್ ಏರಿಸಿದರೆ ಅದೇ ವಿಷವಾಗಿ ಬೆಳಗಾಗುವುದರೊಳಗೆ ಮೀನು ಸತ್ತಿರುತ್ತದೆ. ಹಾಗಾಗಿ ಪರೀಕ್ಷೆಯ ಕಿಟ್ ತಂದು ನೋಡಿ, ಮೂರು ನಾಲ್ಕು ದಿನ ಸ್ವಲ್ಪ ಸ್ವಲ್ಪ ನೀರು ಬದಲಿಸಿ, ಅಮೋನಿಯಾ ಸೊನ್ನೆಗೆ ಬಂದ ಮೇಲೆ ಚಿಪ್ಪು ಹಾಕಿ. ಅಲ್ಲಿಯವರೆಗೆ ಫ್ರೀಜ್ ಮಾಡಿದ ಕೆಂಪು ಹುಳು (ಬ್ಲಡ್‌ವರ್ಮ್) ಕೊಡಿ, ಇಕ್ಕುಳದಲ್ಲಿ ಹಿಡಿದು ಅಲ್ಲಾಡಿಸಿದರೆ ಹೆಚ್ಚಿನವು ಬರುತ್ತವೆ. ಸೊಳ್ಳೆಮರಿಯೂ ಆಗುತ್ತದೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ಬೇಕಾದಷ್ಟು ಸಿಗುತ್ತವೆ, ಆದರೆ ಮದ್ದು ಬಿಟ್ಟ ದಿನಗಳಲ್ಲಿ ಅಲ್ಲಿಂದ ತರಬೇಡಿ.

ಹೊಟ್ಟೆ ಒಳಕ್ಕೆ ಹೋದ ಮೀನು ಚೆನ್ನಾಗಿ ತಿಂದೂ ಹಾಗೇ ಇದ್ದರೆ, ಬಿಳಿ ದಾರದ ಹಾಗೆ ಹಿಕ್ಕೆ ಹಾಕಿದರೆ, ಹೊಟ್ಟೆಹುಳು ಇರಬಹುದು. ಅಂಗಡಿಗೆ ಬರುವ ಬಟಾಣಿ ಪಫರ್‌ಗಳಲ್ಲಿ ಎಷ್ಟೋ ಹೊಳೆಯಿಂದ ಹಿಡಿದವೇ. ಇದು ಅಪಾಯದ ಅಂಚಿನ ಪಟ್ಟಿ ಸೇರಲು ಹಾಗೆ ಹಿಡಿದದ್ದೂ ಒಂದು ಕಾರಣ. ಆ ಮೀನನ್ನು ಬೇರೆ ಮಾಡಿ, ಪಶುವೈದ್ಯರನ್ನು ಕೇಳಿ ಲೆವಮಿಸೋಲ್‌ನಂಥ ಹುಳದ ಔಷಧ ಕೊಡಿ, ಅಂದಾಜಿಗೆ ಹಾಕಬೇಡಿ.

ನಾಲ್ಕರಲ್ಲಿ ಗಂಡು ಎಷ್ಟು ಅಂತಲೂ ನೋಡಿ. ಬೆಳೆದ ಗಂಡಿನ ಹೊಟ್ಟೆಯ ಕೆಳಗೆ ಉದ್ದಕ್ಕೆ ಕಪ್ಪು ಗೆರೆ, ಕಣ್ಣಿನ ಹಿಂದೆ ಸುಕ್ಕು. ಒಂದು ಗಂಡು, ಮೂರು ಹೆಣ್ಣು ಆದರೆ ನಿಮ್ಮ ಟ್ಯಾಂಕು ಸಾಕು. ಎರಡು ಗಂಡಿದ್ದರೆ ಗಿಡ ದಟ್ಟವಾಗಿ ನೆಡಿ, ಒಂದರ ಕಣ್ಣಿಗೆ ಇನ್ನೊಂದು ಬೀಳದ ಹಾಗೆ.

ಪ್ರಶ್ನೆ: ಅಳಿವೆಯಲ್ಲಿ ಗಾಳಕ್ಕೆ ಹಸಿರು ಪಫರ್ ಸಿಕ್ಕಿತು. ಮೇಲೆತ್ತಿದ ಕೂಡಲೇ ಚೆಂಡಿನ ಹಾಗೆ ಊದಿಕೊಂಡಿತು. ಬಾವಿ ನೀರಿನಲ್ಲಿ ಸಾಕಬಹುದೇ? – ಉಪ್ಪಳದ ಓದುಗರು

ಉತ್ತರ: ಬೇಡ. ಅದು ಉಪ್ಪು ಬೆರೆತ ನೀರಿನ ಮೀನು, ಗೇಣುದ್ದ ಬೆಳೆಯುತ್ತದೆ. ಬರೀ ಸಿಹಿನೀರಿನಲ್ಲಿ ಕೆಲವು ತಿಂಗಳು ಚೆನ್ನಾಗಿಯೇ ಇದ್ದ ಹಾಗೆ ಕಂಡು, ಆಮೇಲೆ ಸೊರಗುತ್ತದೆ. ಊದುವುದು ಆಟ ಅಲ್ಲ, ಹೆದರಿಕೆ. ನೀರಿನಿಂದ ಹೊರಗೆ ಊದಿದರೆ ಹೊಟ್ಟೆಗೆ ಗಾಳಿ ಸೇರುತ್ತದೆ, ಅದನ್ನು ಹೊರಹಾಕಲು ಆಗದೆ ಸಾಯಲೂಬಹುದು. ಮುಂದೆ ಸಿಕ್ಕಿದರೆ ನೀರಿನೊಳಗೇ ಗಾಳ ಬಿಡಿಸಿ ಅಲ್ಲೇ ಬಿಡಿ. ಸಾರು ಮಾಡುವ ಯೋಚನೆ ಇದ್ದರೆ ಅದೂ ಬೇಡ, ಇವುಗಳ ಟೆಟ್ರೊಡೊಟಾಕ್ಸಿನ್ ವಿಷ ಬೇಯಿಸಿದರೂ ಹೋಗುವುದಿಲ್ಲ.