ರೋಡಿಯೊ ಆಲ್ಬಮ್‌ನಲ್ಲಿ ಅಳಿಸಿಹೋದ ದನಿ

ಪ್ರಶ್ನೆ: ಅಮೆರಿಕದ ರಾಕ್ ತಂಡ ಬರ್ಡ್ಸ್‌ನ ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ’ ಆಲ್ಬಮ್, ಅಲ್ಲಿನ ಹಳ್ಳಿಗಾಡಿನ ಕಂಟ್ರಿ ಸಂಗೀತವನ್ನು ರಾಕ್ ಜೊತೆ ಬೆರೆಸುವ ಕಂಟ್ರಿ-ರಾಕ್‌ಗೆ ಬುನಾದಿ ಹಾಕಿತು ಅಂತಾರೆ. ಆದರೆ 1968ರಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಅದು 77ನೇ ಸ್ಥಾನಕ್ಕಿಂತ ಮೇಲೆ ಹೋಗಲಿಲ್ಲ. ಯಾಕೆ?

ಉತ್ತರ: ಕೊಳ್ಳುವವರು ಯಾರಿದ್ದರು ಹೇಳಿ? ವಿಯೆಟ್ನಾಂ ಯುದ್ಧದ ಕಾಲ. ರಾಕ್ ಕೇಳುವ ಹುಡುಗರಿಗೆ ಕಂಟ್ರಿ ಅಂದರೆ ಯುದ್ಧಕ್ಕೆ ಜೈ ಅನ್ನುವ ಹಿರಿಯರ ಸಂಗೀತ. ಕಂಟ್ರಿ ಕೇಳುವವರಿಗೆ ಇವರು ಕ್ಯಾಲಿಫೋರ್ನಿಯಾದ ಹಿಪ್ಪಿಗಳು. ಮಾರ್ಚ್‌ನಲ್ಲಿ ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ನ ರೈಮನ್ ಆಡಿಟೋರಿಯಂನಲ್ಲಿ, ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹೆಸರಾಂತ ಕಂಟ್ರಿ ರೇಡಿಯೊ ಕಾರ್ಯಕ್ರಮದ ವೇದಿಕೆಯನ್ನು ತಂಡ ಹತ್ತಿದಾಗ ಜನ ಕೂಗಿ ಗೇಲಿ ಮಾಡಿದರು. ಕಂಟ್ರಿ ಗಾಯಕ ಮೆರ್ಲ್ ಹ್ಯಾಗರ್ಡ್ ಅವರ ಎರಡು ಹಾಡು ಹಾಡಬೇಕು ಅಂತ ಮಾತಾಗಿತ್ತು. ಎರಡನೆಯದರ ಬದಲು ತಂಡದ ಗಾಯಕ ಗ್ರ್ಯಾಮ್ ಪಾರ್ಸನ್ಸ್ ‘ಹಿಕರಿ ವಿಂಡ್’ ಹಾಡಿಬಿಟ್ಟರು, ತಮ್ಮ ಅಜ್ಜಿಗೆ ಅರ್ಪಿಸಿ. ಆಪ್ರಿಯವರಿಗೆ ಸಿಟ್ಟು ನೆತ್ತಿಗೇರಿತು.

ಇನ್ನೊಂದು ಮಾತು. ತಂಡದ ನಾಯಕ ರೋಜರ್ ಮೆಗ್ವಿನ್ ಮನಸ್ಸಲ್ಲಿ ಇದ್ದದ್ದು ಈ ಆಲ್ಬಮ್ಮೇ ಅಲ್ಲ. ಹಳೇ ಜಾನಪದದಿಂದ ಹಿಡಿದು ಸಿಂಥಸೈಜರ್‌ವರೆಗೆ 20ನೇ ಶತಮಾನದ ಅಮೆರಿಕದ ಸಂಗೀತವನ್ನೆಲ್ಲ ಎರಡು ರೆಕಾರ್ಡ್‌ಗಳಲ್ಲಿ ತುಂಬಬೇಕು ಅಂತಿದ್ದರು. ಆಗಷ್ಟೇ ತಂಡ ಸೇರಿದ್ದ, ಇನ್ನೂ 21 ವರ್ಷದ ಪಾರ್ಸನ್ಸ್, ಮೊದಲಿಂದ ಬ್ಲೂಗ್ರಾಸ್ (ಬ್ಯಾಂಜೊ, ಮ್ಯಾಂಡೊಲಿನ್‌ಗಳ ಕಂಟ್ರಿ ಶೈಲಿ) ನುಡಿಸಿ ಬೆಳೆದ, ತಂಡದ ಇನ್ನೊಬ್ಬ ಸದಸ್ಯ ಕ್ರಿಸ್ ಹಿಲ್‌ಮನ್ ಜೊತೆ ಸೇರಿ ಇಡೀ ಯೋಜನೆಯನ್ನು ಕಂಟ್ರಿ ಕಡೆ ಎಳೆದುಕೊಂಡರು. ಸುಮ್ನೆ ಅಲಂಕಾರಕ್ಕೆ ಅಂತ ಅಲ್ಲ. ನ್ಯಾಶ್‌ವಿಲ್‌ನ ಪಕ್ಕಾ ಕಲಾವಿದ ಲಾಯ್ಡ್ ಗ್ರೀನ್ ಅವರನ್ನು ಪೆಡಲ್ ಸ್ಟೀಲ್‌ಗೆ, ಅಂದರೆ ಕಂಟ್ರಿಯಲ್ಲಿ ಜಾರುವ ನಾದ ಕೊಡುವ ಗಿಟಾರ್‌ಗೆ, ಕೂರಿಸಿದರು. ಯಾವ ಯಾವ ಜಾಗದಲ್ಲಿ ನುಡಿಸಲಿ ಅಂತ ಅವರು ಕೇಳಿದರೆ, ಹಾಡಿನ ಉದ್ದಕ್ಕೂ ನುಡಿಸಿ ಅಂದರಂತೆ! ಆಲ್ಬಮ್‌ನ ಮೊದಲ ಹಾಡು ಬಾಬ್ ಡಿಲನ್ ಬರೆದದ್ದು, ಅದರಲ್ಲೇ ಆ ಧೈರ್ಯ ಕೇಳಿಸುತ್ತೆ, ಅಲ್ವಾ?

ಪ್ರಶ್ನೆ: ಪಾರ್ಸನ್ಸ್ ಇಷ್ಟೆಲ್ಲ ಮಾಡಿದ್ದರೆ ಆಲ್ಬಮ್‌ನಲ್ಲಿ ಅವರ ದನಿ ಯಾಕೆ ಇಷ್ಟು ಕಡಿಮೆ?

ಉತ್ತರ: ಪಾರ್ಸನ್ಸ್ ಮೊದಲು ಲೀ ಹೇಜಲ್‌ವುಡ್ ಅವರ ಕಂಪನಿಗೆ ಹಾಡಿದ್ದರು. ಅವನು ಇನ್ನೂ ನಮ್ಮ ಗಾಯಕ ಅಂತ ಹೇಜಲ್‌ವುಡ್ ತಕರಾರು ತೆಗೆದರು. ಕೆಲವು ಹಾಡುಗಳಲ್ಲಿ ಪಾರ್ಸನ್ಸ್ ದನಿ ತೆಗೆದು ಬೇರೆಯವರಿಂದ ಹಾಡಿಸಿದರು. ಆದರೆ ತಕರಾರು ಬಗೆಹರಿದಿತ್ತು, ಇದು ಪಾರ್ಸನ್ಸ್ ಆಲ್ಬಮ್ ಆಗಿಬಿಡಬಾರದು ಅನ್ನೋದೂ ಕಾರಣವಾಗಿತ್ತು ಅಂತ ನಿರ್ಮಾಪಕ ಗ್ಯಾರಿ ಅಷರ್ ಆಮೇಲೆ ಹೇಳಿದ್ದಾರೆ. ನನಗೆ ಈ ಬದಲಾವಣೆ ಇವತ್ತಿಗೂ ಬೇಜಾರು. ಕಂಟ್ರಿ ಜೋಡಿ ಲೂವಿನ್ ಸೋದರರ ‘ದ ಕ್ರಿಶ್ಚಿಯನ್ ಲೈಫ್’ ಹಾಡನ್ನು ಮೆಗ್ವಿನ್ ಅಮೆರಿಕದ ದಕ್ಷಿಣದವರ ಉಚ್ಚಾರಣೆ ತಂದುಕೊಂಡು ಹಾಡಿದ್ದಾರೆ, ಅದು ನಟನೆ ಅಂತ ಗೊತ್ತಾಗುತ್ತೆ. ಪಾರ್ಸನ್ಸ್ ಹಾಡಿದ್ದನ್ನು ಕೇಳಿದರೆ ಒಂದು ಸಾಲಿನಲ್ಲೂ ಅನುಮಾನ ಬರೋದಿಲ್ಲ. ‘ಹಿಕರಿ ವಿಂಡ್’ನಲ್ಲಿ ಅವರ ದನಿ ಉಳಿಯಿತು, ನಮ್ಮ ಪುಣ್ಯ.

ಆಲ್ಬಮ್ ಆಗಸ್ಟ್‌ನಲ್ಲಿ ಬರುವಷ್ಟರಲ್ಲಿ ಪಾರ್ಸನ್ಸ್ ತಂಡ ಬಿಟ್ಟಾಗಿತ್ತು. ಮುಂದೆ ಹಿಲ್‌ಮನ್ ಜೊತೆ ಫ್ಲೈಯಿಂಗ್ ಬುರಿಟೊ ಬ್ರದರ್ಸ್ ಎಂಬ ತಂಡ ಕಟ್ಟಿದರು. ಅದೇ ತಂಡಕ್ಕೆ ಬಂದ ಬರ್ನಿ ಲೆಡನ್ ಆಮೇಲೆ ಈಗಲ್ಸ್ ಎಂಬ ರಾಕ್ ತಂಡ ಶುರುಮಾಡಿದವರಲ್ಲಿ ಒಬ್ಬರು. ಪಾರ್ಸನ್ಸ್ 1973ರಲ್ಲಿ, 26ನೇ ವಯಸ್ಸಿಗೇ ತೀರಿಕೊಂಡರು. ಅವರ ಜೊತೆ ಹಾಡುತ್ತಿದ್ದ ಎಮಿಲೂ ಹ್ಯಾರಿಸ್ ಅವರ ಹಾಡುಗಳನ್ನು ಲಕ್ಷಾಂತರ ಜನರಿಗೆ ಮುಟ್ಟಿಸಿದರು.

ಪ್ರಶ್ನೆ: ಹಾಗೆ ತೆಗೆದುಹಾಕಿದ ಪಾರ್ಸನ್ಸ್ ದನಿ ಈಗ ಕೇಳೋಕೆ ಸಿಗುತ್ತಾ?

ಉತ್ತರ: ಸಿಗುತ್ತೆ. ಕೆಲವು ಹಾಡು ಬರ್ಡ್ಸ್‌ನ 1990ರ ಬಾಕ್ಸ್ ಸೆಟ್‌ನಲ್ಲಿ ಬಂದವು. ಇದೇ ಆಲ್ಬಮ್‌ನ 2003ರ ಲೆಗಸಿ ಆವೃತ್ತಿಯಲ್ಲಿ ಇನ್ನೂ ಜಾಸ್ತಿ ಇವೆ. ಮೊದಲು ಮೂಲ ಆಲ್ಬಮ್ ಪೂರ್ತಿ ಕೇಳಿ, ಆಮೇಲೆ ಅದಕ್ಕೆ ಹೋಗಿ.