ಫ್ರೆಂಡ್ಸ್ ಫ್ರೆಂಡ್ಸಿಗೇ ಮಾರ್ಕ್ಸ್ ಹಾಕಿದರೆ ಏನು ಉಪಯೋಗ?

ಒಬ್ಬರ ಅಸೈನ್‌ಮೆಂಟನ್ನು ಇನ್ನೊಬ್ಬರು ತಿದ್ದಬೇಕು ಅಂತ ನಿಮ್ಮ ಲೆಕ್ಚರರ್ ಹೇಳಿದ್ದಾರೆ. ಇದು ಅವರ ಕೆಲಸವನ್ನು ನಮ್ಮ ತಲೆಗೆ ಕಟ್ಟುವ ಉಪಾಯ ಅಲ್ವಾ, ಫ್ರೆಂಡ್ಸೆಲ್ಲ ಹತ್ತಕ್ಕೆ ಹತ್ತು ಹಾಕಿಕೊಂಡರೆ ಏನು ಗತಿ, ಇದು ನಿಮ್ಮ ಪ್ರಶ್ನೆ.

ಹಾಕಿಕೊಳ್ಳುತ್ತಾರೆ. ಸುಳ್ಳು ಯಾಕೆ ಹೇಳಲಿ?

ನಾನು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೆಕ್ಯಾನಿಕ್ಸ್ ಪಾಠ ಮಾಡುತ್ತೇನೆ. ಮೊದಲ ಸಲ ಇದನ್ನು ಮಾಡಿಸಿದಾಗ, ಭಾರೀ ಹುರುಪಿನಲ್ಲಿ, ಯಾವುದಕ್ಕೆ ಎಷ್ಟು ಮಾರ್ಕ್ಸ್ ಅಂತ ಹನ್ನೆರಡು ಸಾಲಿನ ಒಂದು ಟೇಬಲ್ ಬರೆದು ಕೊಟ್ಟಿದ್ದೆ. ವಾಪಸ್ ಬಂದ ಹಾಳೆಗಳಲ್ಲಿ ಎಲ್ಲರಿಗೂ ಒಂಬತ್ತು, ಒಂಬತ್ತೂವರೆ. ಕಾಮೆಂಟ್ ಜಾಗದಲ್ಲಿ 'ಚೆನ್ನಾಗಿದೆ'. ಒಬ್ಬನಂತೂ ಹನ್ನೆರಡು ಸಾಲಿಗೂ ಸೇರಿಸಿ ಮೇಲಿಂದ ಕೆಳಗೆ ಒಂದೇ ಉದ್ದದ ರೈಟ್ ಗುರುತು ಎಳೆದಿದ್ದ. ತಪ್ಪು ಅವನದಲ್ಲ, ನನ್ನದು. ಫಾಲ್ಚಿಕೋವ್ ಮತ್ತು ಗೋಲ್ಡ್‌ಫಿಂಚ್ ಅನ್ನುವ ಸಂಶೋಧಕರು 2000ದಲ್ಲಿ 48 ಅಧ್ಯಯನಗಳನ್ನು ಒಟ್ಟುಹಾಕಿ ವಿದ್ಯಾರ್ಥಿಗಳ ಮಾರ್ಕ್ಸಿಗೂ ಮೇಷ್ಟ್ರ ಮಾರ್ಕ್ಸಿಗೂ ಎಷ್ಟು ಹೊಂದುತ್ತೆ ಅಂತ ನೋಡಿದ್ದರು. ಸರಾಸರಿ ಕೋರಿಲೇಶನ್ (ಪೂರ್ತಿ ಹೊಂದಿದರೆ 1, ಏನೂ ಸಂಬಂಧವಿಲ್ಲದಿದ್ದರೆ 0) 0.69 ಬಂತು, ಅದೇನೂ ಕಡಿಮೆ ಅಲ್ಲ. ಆದರೆ ಚೂರು ಚೂರಾಗಿ ಮಾರ್ಕ್ಸ್ ಹಾಕಿಸುವುದಕ್ಕಿಂತ, ಏನು ನೋಡಬೇಕು ಅಂತ ಚೆನ್ನಾಗಿ ಅರ್ಥ ಮಾಡಿಸಿ ಒಟ್ಟಾರೆ ಹೇಗಿದೆ ಅಂತ ಕೇಳಿದಾಗಲೇ ಜಾಸ್ತಿ ಹೊಂದುತ್ತಿತ್ತು. ನನ್ನ ಟೇಬಲ್ ಸೀದಾ ಕಸದ ಬುಟ್ಟಿಗೆ ಹೋಯಿತು.

ಎರಡನೇ ಸಲ, ತಿದ್ದಲು ಕೊಡುವ ಮುಂಚೆ ಎರಡು ಸ್ಯಾಂಪಲ್ ಹಾಳೆ ಹಂಚಿದೆ. ಲೆಕ್ಕ ಸುಲಭದ್ದೇ: 4 ಮೀಟರ್ ಬೀಮ್, ಎರಡೂ ತುದಿಗೆ ಸಪೋರ್ಟ್, ಎಡಗಡೆಯಿಂದ 1 ಮೀಟರ್ ದೂರದಲ್ಲಿ 10 ಕಿಲೋನ್ಯೂಟನ್ ಲೋಡ್. ಮೊದಲನೇ ಹಾಳೆಯಲ್ಲಿ ಸ್ಕೇಲ್ ಇಟ್ಟು ಗೆರೆ ಹಾಕಿ, ಎರಡು ಬಣ್ಣದ ಪೆನ್ನಲ್ಲಿ, ರಿಯಾಕ್ಷನ್ (ಅಂದರೆ ಒಂದೊಂದು ಸಪೋರ್ಟ್ ಹೊರುವ ಭಾರ) 5 ಮತ್ತು 5 ಅಂತ ಬರೆದಿತ್ತು. ಎರಡನೇದು ಕಾಗೆ ಗುಬ್ಬಚ್ಚಿ ಅಕ್ಷರ, ಅದರಲ್ಲಿ 7.5 ಮತ್ತು 2.5. ಕ್ಲಾಸಿನ ಮುಕ್ಕಾಲು ಪಾಲು ಜನ ಚಂದದ ಹಾಳೆಗೇ ಜಾಸ್ತಿ ಕೊಟ್ಟರು! ಐದಕ್ಕೆ ಐದು ಕೂಡಿದರೆ ಹತ್ತು ಬರುತ್ತೆ, ಸರಿ ಇದೆ ಅಂತ. ಲೋಡ್ ಇರುವ ಜಾಗದ ಮೊಮೆಂಟನ್ನು (ರಿಯಾಕ್ಷನನ್ನು ಅಲ್ಲಿವರೆಗಿನ ದೂರದಿಂದ ಗುಣಿಸಿದ್ದು) ಎರಡೂ ಕಡೆಯಿಂದ ತೆಗೆದು ನೋಡಿ, ಎರಡೂ ಒಂದೇ ಬರಬೇಕು ಅಂದೆ. ಎಡದಿಂದ 5, ಬಲದಿಂದ 15. ಕ್ಲಾಸ್ ಗಪ್‌ಚುಪ್. ಆ ಕಾಗೆ ಗುಬ್ಬಚ್ಚಿ ಹಾಳೆಯಲ್ಲಿ ಎರಡೂ ಕಡೆಯಿಂದ 7.5.

ಆಮೇಲೆ ಒಬ್ಬರದ್ದೊಬ್ಬರು ತಿದ್ದುವಾಗ ಒಬ್ಬಳು ಎದ್ದು ಬಂದು, 'ಸರ್, ಇವನ ಹಾಳೆಯಲ್ಲಿ ತಪ್ಪು ಹಿಡಿದೆ, ನನ್ನದರಲ್ಲೂ ಅದೇ ಮಾಡಿದ್ದೀನಿ, ಈಗ ತಿದ್ದಬಹುದಾ?' ಅಂದಳು. ನಾನು ಇದನ್ನು ಮಾಡಿಸುವುದು ಇದೊಂದಕ್ಕೇ. ಲಾಭ ಆಗುವುದು ತಿದ್ದಿಸಿಕೊಂಡವನಿಗಿಂತ ತಿದ್ದಿದವನಿಗೆ. ಹಾಗಾಗಿ ಈಗ ವಿದ್ಯಾರ್ಥಿಗಳ ಕೈಯಲ್ಲಿ ಮಾರ್ಕ್ಸ್ ಹಾಕಿಸುವುದನ್ನೇ ಬಿಟ್ಟಿದ್ದೇನೆ. ಎಲ್ಲಿ ತಪ್ಪಿದೆ, ಅದು ತಪ್ಪು ಅಂತ ಹೇಗೆ ಗೊತ್ತಾಯಿತು, ಇಷ್ಟು ಬರೆಯಬೇಕು, ಆ ಕಾಮೆಂಟಿಗೆ ನಾನು ಮಾರ್ಕ್ಸ್ ಹಾಕುತ್ತೇನೆ. ಅಂದಹಾಗೆ ನನ್ನ ಕೆಲಸ ಇದರಿಂದ ಕಡಿಮೆಯಾಗಿಲ್ಲ, ಜಾಸ್ತಿಯೇ ಆಗಿದೆ. ಮತ್ತೆ, ಹೆಸರು ಮುಚ್ಚಿದರೂ ಕೈಬರಹ ನೋಡಿ ಯಾರದ್ದು ಅಂತ ಗೊತ್ತಾಗಿಬಿಡುತ್ತೆ, ಅದಕ್ಕೆ ಇನ್ನೊಂದು ಸೆಕ್ಷನ್ ಜೊತೆ ಹಾಳೆ ಅದಲುಬದಲು ಮಾಡಿಕೊಳ್ಳುತ್ತೇವೆ.

ಗ್ರೂಪ್ ಪ್ರಾಜೆಕ್ಟ್ ಕಥೆ ಬೇರೆ. ಅಲ್ಲಿ ಕೇಳುವುದು ಯಾರು ಎಷ್ಟು ಕೆಲಸ ಮಾಡಿದರು ಅಂತ. ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದವರು ಇದಕ್ಕೆ ವೆಬ್‌ಪಿಎ ಅನ್ನುವ ಸಾಫ್ಟ್‌ವೇರ್ ಮಾಡಿದ್ದಾರೆ. ಅದರಲ್ಲಿ ನೀವು ಕೊಡುವ ಅಂಕಗಳನ್ನು ನೀವು ಕೊಟ್ಟ ಒಟ್ಟು ಅಂಕದಿಂದ ಭಾಗಿಸುತ್ತಾರೆ, ಅಂದರೆ ಎಲ್ಲರಿಗೂ 5 ಕೊಟ್ಟರೂ ಒಂದೇ, ಎಲ್ಲರಿಗೂ 3 ಕೊಟ್ಟರೂ ಒಂದೇ, ಸುಮ್ನೆ ಧಾರಾಳ ತೋರಿಸಿ ಉಪಯೋಗವಿಲ್ಲ. ಕೊನೆಗೆ ಒಬ್ಬೊಬ್ಬರಿಗೆ ಒಂದು ಗುಣಕ ಬರುತ್ತೆ. ಗ್ರೂಪಿಗೆ 60 ಬಂದಿದ್ದರೆ 1.1 ಇರುವವರಿಗೆ 66, ಬರೀ ಹಾಜರಿ ಹಾಕಿ 0.7 ತಗೊಂಡವನಿಗೆ 42. ಮೂವರು ಸೇರಿ ಒಬ್ಬನನ್ನು ಮೂಲೆಗೆ ತಳ್ಳಿದರೆ ಮಾತ್ರ ಈ ಲೆಕ್ಕ ಅದನ್ನು ಹಿಡಿಯುವುದಿಲ್ಲ. ಅದಕ್ಕೇ ಯಾರದ್ದಾದರೂ ಗುಣಕ ತುಂಬಾ ಕೆಳಗಿದ್ದರೆ ನಾಲ್ವರನ್ನೂ ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸುತ್ತೇನೆ. ಒಮ್ಮೆ ಹೀಗೆ ಕೇಳಿದಾಗ, ಆ 'ಕೆಲಸಗಳ್ಳ'ನೇ ರಾತ್ರಿಯೆಲ್ಲ ಕೂತು ಪೂರ್ತಿ ಕೋಡ್ ಬರೆದಿದ್ದು ಹೊರಗೆ ಬಂತು. ಮೀಟಿಂಗಿಗೆ ಬರುತ್ತಿರಲಿಲ್ಲ, ಅಷ್ಟೇ.

ನೀವೀಗ ಲೆಕ್ಚರರ್ ಹತ್ತಿರ ಎರಡು ವಿಷಯ ಕೇಳಿ. ನಾವು ಹಾಕುವ ಅಂಕ ಫೈನಲ್ ಮಾರ್ಕ್ಸಿಗೆ ಎಷ್ಟು ಸೇರುತ್ತೆ? ಶುರು ಮಾಡುವ ಮುಂಚೆ ಸ್ಯಾಂಪಲ್ ತಿದ್ದಿಸುತ್ತೀರಾ? ಎರಡನೇದಕ್ಕೆ ಇಲ್ಲ ಅಂದರೆ, ಹೋದ ವರ್ಷದ ಎರಡು ಹಾಳೆ ಹೆಸರು ತೆಗೆದು ಕೊಡಿ ಅಂತ ನೀವೇ ಕೇಳಿ. ಕೇಳಿದರೆ ಹೆಚ್ಚಿನವರು ಕೊಡುತ್ತಾರೆ.