ನಾಲಗೆ ಒಂದು ಕಡೆಗೆ, ಕಿರುನಾಲಗೆ ಇನ್ನೊಂದು ಕಡೆಗೆ

ನಮಸ್ಕಾರ ಡಾಕ್ಟ್ರೇ,

ನಮ್ಮ ಆರೋಗ್ಯ ಪುಟಕ್ಕೆ ನೀವು ಕಳಿಸಿದ ‘ಕೆಳಗಿನ ನಾಲ್ಕು ಕಪಾಲ ನರಗಳು: ರಚನೆ ಮತ್ತು ಪರೀಕ್ಷೆ’ ಲೇಖನ ಓದಿದೆ. ನಮಗೆ ಲೇಖನ ನೋಡಿಕೊಡುವ ನರರೋಗ ತಜ್ಞರಿಗೂ ತೋರಿಸಿದೆ. ಇದ್ದ ಹಾಗೆ ಹಾಕಲಿಕ್ಕೆ ಆಗುವುದಿಲ್ಲ. ಹಾಗಂತ ಬಿಟ್ಟುಬಿಡುವ ಲೇಖನವೂ ಅಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ಓದಿದರೆ ಪರೀಕ್ಷೆಯ ಉತ್ತರಪತ್ರಿಕೆ ಓದಿದಂತಾಗುತ್ತದೆ. ಮೆದುಳಿನಿಂದ ನೇರ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಕೊನೆಯ ನಾಲ್ಕು: ಒಂಬತ್ತನೆಯದು ಗ್ಲಾಸೊಫ್ಯಾರಿಂಜಿಯಲ್, ಹತ್ತನೆಯದು ವೇಗಸ್, ಹನ್ನೊಂದನೆಯದು ಆಕ್ಸೆಸರಿ, ಹನ್ನೆರಡನೆಯದು ಹೈಪೊಗ್ಲಾಸಲ್. ಪ್ರತಿಯೊಂದಕ್ಕೂ ಹುಟ್ಟು, ಹಾದಿ, ಶಾಖೆ. ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಕೂತು ಭಾನುವಾರ ಓದುವವರಿಗೆ ‘ನ್ಯೂಕ್ಲಿಯಸ್ ಆಂಬಿಗ್ಯುವಸ್’ ಯಾಕೆ ಬೇಕು? ಹೆಸರುಗಳು ಒಂದು ಸಲ ಬರಲಿ, ಸಾಕು. ಆಮೇಲೆ ಒಂಬತ್ತನೆಯದು, ಹತ್ತನೆಯದು ಅಂತ ಕರೆಯಿರಿ. ಒಂಬತ್ತು, ಹತ್ತು, ಹನ್ನೊಂದು ಮೂರೂ ತಲೆಬುರುಡೆಯ ತಳದ ಒಂದೇ ಕಿಂಡಿಯಿಂದ ಹೊರಗೆ ಬರುತ್ತವೆ, ಹನ್ನೆರಡನೆಯದಕ್ಕೆ ಪಕ್ಕದಲ್ಲೇ ಬೇರೆ ದಾರಿ. ಮೊದಲ ಮೂರೂ ಒಟ್ಟಿಗೆ ಸೋತರೆ ಡಾಕ್ಟರ ಕಣ್ಣು ಆ ಕಿಂಡಿಯ ಮೇಲೆ ಬೀಳುತ್ತದೆ. ರಚನೆ ಇಷ್ಟು ಹೇಳಿದರೆ ಧಾರಾಳ.

ಮೂರನೇ ಪುಟದಲ್ಲಿ ಒಂದು ಸಾಲು ಅಡಗಿಕೊಂಡಿದೆ: “ರೋಗಿಗೆ ಘನ ಆಹಾರಕ್ಕಿಂತ ದ್ರವ ನುಂಗುವುದು ಕಷ್ಟವಾಗಬಹುದು.” ಲೇಖನ ಶುರುವಾಗಬೇಕಾದ್ದು ಇಲ್ಲಿಂದ. ಸ್ಟ್ರೋಕ್ ಆದ ಅಜ್ಜ ಗಂಜಿಯ ಅನ್ನ ಹೇಗೋ ನುಂಗುತ್ತಾರೆ. ಗಂಜಿಯ ತೆಳಿನೀರು ಕುಡಿಸಿದ ಕೂಡಲೇ ನೆತ್ತಿಗೆ ಹತ್ತುತ್ತದೆ. ಕೆಲವೊಮ್ಮೆ ಮೂಗಿನಲ್ಲಿ ವಾಪಸ್ ಬರುತ್ತದೆ. ‘ಅಜ್ಜನಿಗೆ ಅವಸರ’ ಅಂತ ಮನೆಯವರು ಗದರುತ್ತಾರೆ. ಅವಸರ ಅಲ್ಲ. ನುಂಗುವಾಗ ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು, ಧ್ವನಿಪೆಟ್ಟಿಗೆ ಶ್ವಾಸನಾಳದ ಬಾಗಿಲು ಹಾಕಬೇಕು. ಎರಡರಲ್ಲೂ ದೊಡ್ಡ ಪಾಲು ಹತ್ತನೆಯ ನರದ್ದು. ಬಾಗಿಲು ಹಾಕುವುದು ಒಂದು ಕ್ಷಣ ತಡವಾದರೂ ನೀರು ಒಳಗೆ ನುಗ್ಗುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಓದುಗರಿಗೆ ಬೇಕಾದ್ದು ಇದು, ಅಲ್ವಾ?

ಮಾತಿನ ಪರೀಕ್ಷೆಗೆ ‘ಬ್ರಿಟಿಷ್ ಕಾನ್ಸ್ಟಿಟ್ಯೂಷನ್’ ಅಂತ ಹೇಳಿಸಬೇಕು ಎಂದಿದ್ದೀರಿ. ಕುಂಬಳೆಯ ಅಜ್ಜಿ ಅದನ್ನು ಹೇಳಹೊರಟರೆ ನರ ಸರಿಯಿದ್ದರೂ ತೊದಲುತ್ತಾರೆ! ಅಕ್ಷರಮಾಲೆಯನ್ನೇ ಹಿಡಿಯಿರಿ. ಪ, ಬ ತುಟಿಯವು, ಅಂದರೆ ಏಳನೆಯ ನರದ ಕೆಲಸ. ತ, ಟ, ಲ ನಾಲಗೆಯವು, ಹನ್ನೆರಡನೆಯದರ ಕೆಲಸ. ಕ, ಗ ಹೇಳುವಾಗ ನಾಲಗೆಯ ಹಿಂಭಾಗ ಅಂಗುಳಕ್ಕೆ ತಾಗಬೇಕು. ಅಂಗುಳ ಸೋತರೆ ಗಾಳಿ ಮೂಗಿಗೆ ಸೋರಿ ಬ ಹೋಗಿ ಮ ಆಗುತ್ತದೆ, ಡ ಹೋಗಿ ಣ ಆಗುತ್ತದೆ. ಹವ್ಯಕರ ‘ಅಬ್ಬೆ’ (ತಾಯಿ) ತುಳುವಿನ ‘ಅಮ್ಮೆ’ (ತಂದೆ) ಆಗಿ, ತಾಯಿಯನ್ನು ಕರೆದರೆ ತಂದೆ ತಿರುಗಿ ನೋಡಬೇಕಾಗುತ್ತದೆ. ಈ ತಮಾಷೆ ನಮ್ಮ ಕಡೆಯವರಿಗೆ ಮಾತ್ರ ಅರ್ಥವಾದೀತು, ಬೇಕಾದರೆ ಬಳಸಿಕೊಳ್ಳಿ.

ಇನ್ನು ಒಂದು ದೊಡ್ಡ ತಪ್ಪು. “ನರಕ್ಕೆ ಪೆಟ್ಟಾದರೆ ನಾಲಗೆಯೂ ಕಿರುನಾಲಗೆಯೂ ಪೆಟ್ಟಾದ ಕಡೆಗೇ ವಾಲುತ್ತವೆ” ಎಂದು ಬರೆದಿದ್ದೀರಿ. ನಾಲಗೆಯ ಮಟ್ಟಿಗೆ ಸರಿ, ಕಿರುನಾಲಗೆಗೆ ಉಲ್ಟಾ. ನೀವು ಬಾಯಿಪಾಠ ಮಾಡಿದ್ದೀರಿ, ಕಾರಣ ಹೇಳಿಲ್ಲ. ಕಾರಣ ಬರೆದಿದ್ದರೆ ತಪ್ಪು ನಿಮಗೇ ಗೊತ್ತಾಗುತ್ತಿತ್ತು. ನಾಲಗೆಯ ಸ್ನಾಯು ತಳ್ಳುವ ಸ್ನಾಯು. ಎಡಗಡೆಯದು ಸೋತರೆ ಬಲಗಡೆಯದು ಒಂದೇ ತಳ್ಳಿ ನಾಲಗೆಯ ತುದಿ ಎಡಕ್ಕೆ ಹೋಗುತ್ತದೆ. ಅಂಗುಳದ ಸ್ನಾಯು ಎತ್ತಿ ಎಳೆಯುವ ಸ್ನಾಯು. ಎಡಗಡೆಯದು ಸೋತರೆ ‘ಆ’ ಅನ್ನುವಾಗ ಬಲಗಡೆಯದು ಕಿರುನಾಲಗೆಯನ್ನು ತನ್ನ ಕಡೆಗೆ, ಬಲಕ್ಕೆ, ಎಳೆದುಕೊಳ್ಳುತ್ತದೆ. ಜೊತೆಗೆ ಇದನ್ನೂ ಸೇರಿಸಿ: ಪೆಟ್ಟು ನರಕ್ಕಲ್ಲದೆ ಮೇಲೆ ಮೆದುಳಿನ ಬಲಭಾಗದಲ್ಲಾದರೆ ನಾಲಗೆ ಎಡಕ್ಕೆ ವಾಲಬಹುದು, ಯಾಕೆಂದರೆ ಮೆದುಳಿನ ಬಲಭಾಗ ಹೆಚ್ಚಾಗಿ ನೋಡಿಕೊಳ್ಳುವುದು ನಾಲಗೆಯ ಎಡ ಅರ್ಧವನ್ನು.

ನಾಲಗೆ ಅದುರುತ್ತದೆಯಾ ಅಂತ ನೋಡಲು ಹೊರಗೆ ಚಾಚಿಸಿ ಎಂದಿದ್ದೀರಿ. ಚಾಚಿದರೆ ಯಾರ ನಾಲಗೆಯೂ ಸ್ವಲ್ಪ ನಡುಗುತ್ತದೆ. ಬಾಯಿ ತೆರೆದು, ನಾಲಗೆ ಸುಮ್ನೆ ಒಳಗೆ ಮಲಗಿರುವಾಗ ಟಾರ್ಚ್ ಹಾಕಿ ನೋಡಬೇಕು. ಸೊರಗಿ ಸುಕ್ಕುಗಟ್ಟಿದೆಯಾ, ಮೈಯೊಳಗೆ ಹುಳ ಹರಿದ ಹಾಗೆ ಮಿಡಿಯುತ್ತಿದೆಯಾ ಎಂಬುದು ಆಗ ಕಾಣುತ್ತದೆ.

ಗಂಟಲಿನ ಹಿಂದೆ ಚಮಚದ ಹಿಡಿ ಮುಟ್ಟಿಸಿ ಓಕರಿಕೆ ಬರುತ್ತದೆಯಾ ಎಂದು ಮನೆಯಲ್ಲೇ ನೋಡಬಹುದು ಎಂಬ ಪ್ಯಾರಾ ಪೂರ್ತಿ ತೆಗೆದಿದ್ದೇನೆ. ಈ ವಿಷಯದಲ್ಲಿ ಚೌಕಾಸಿ ಇಲ್ಲ. ಮುಟ್ಟಿದ್ದನ್ನು ತಿಳಿಸುವುದು ಒಂಬತ್ತನೆಯದು, ಗಂಟಲನ್ನು ಬಿಗಿಸುವುದು ಹತ್ತನೆಯದು, ಇದು ಸರಿ. ಆದರೆ ಆರೋಗ್ಯವಾಗಿರುವ ಎಷ್ಟೋ ಜನರಿಗೆ ಓಕರಿಕೆ ಬರುವುದೇ ಇಲ್ಲ. ಬಂದವರೆಲ್ಲ ಸರಿಯಾಗಿ ನುಂಗುತ್ತಾರೆ ಎಂಬ ಖಾತ್ರಿಯೂ ಇಲ್ಲ. ಅದರ ಬದಲು ಆಸ್ಪತ್ರೆಯಲ್ಲಿ ರೋಗಿಯನ್ನು ನೆಟ್ಟಗೆ ಕೂರಿಸಿ ಚಮಚ ಚಮಚವಾಗಿ ನೀರು ಕೊಟ್ಟು, ಕೆಮ್ಮು ಬಂತಾ, ಸ್ವರ ಗೊರಗೊರ ಆಯಿತಾ ಎಂದು ನೋಡುವ ಪರೀಕ್ಷೆಯನ್ನು ವಿವರಿಸಿ.

“ಎಡಗಡೆಯ ರಿಕರೆಂಟ್ ಲಾರಿಂಜಿಯಲ್ ನರ ಉದ್ದ” ಎಂದು ಬರೆದು ಮುಂದೆ ಹೋಗಿದ್ದೀರಿ. ಅಯ್ಯೋ, ಅಲ್ಲಿ ನಿಲ್ಲಬೇಕಿತ್ತು! ಸ್ವರತಂತುಗಳನ್ನು ಆಡಿಸುವುದು ಹತ್ತನೆಯ ನರದ ಈ ಕವಲು. ಅದು ಎದೆಗೂಡಿಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನಿನ ಅಡಿಯಲ್ಲಿ ನುಸುಳಿ, ಮತ್ತೆ ಗಂಟಲಿಗೆ ಹತ್ತುತ್ತದೆ. ಹಾಗಾಗಿ ಎದೆಯೊಳಗಿನ ಗಡ್ಡೆ ಮೊದಲು ಸ್ವರದಲ್ಲಿ ಕಾಣಿಸಿಕೊಳ್ಳಬಹುದು. ಹೃದಯದ ಕವಾಟ ಕಿರಿದಾದವರ ಸ್ವರ ಹೀಗೆ ಒಡೆಯುವುದನ್ನು ನಾರ್ಬರ್ಟ್ ಆರ್ಟ್ನರ್ ಎಂಬ ವೈದ್ಯರು 1897ರಲ್ಲೇ ಬರೆದಿದ್ದರು. ನಮ್ಮಲ್ಲಿ ಸ್ವರ ಒಡೆದರೆ ಕಷಾಯ, ಜೇನು, ಮೌನ. ರಾತ್ರಿಯಿಡೀ ಪದ ಹೇಳುವ ಭಾಗವತರಿಗಂತೂ ‘ಆಟ ಜಾಸ್ತಿ ಆಯಿತು’ ಎಂಬ ಕಾರಣ ಕೈಯಲ್ಲೇ ಇರುತ್ತದೆ. ಮೂರ್ನಾಲ್ಕು ವಾರ ಕಳೆದರೂ ಸ್ವರ ಬಿಡದಿದ್ದರೆ ಇಎನ್‌ಟಿ ಡಾಕ್ಟರು ಸ್ವರತಂತುಗಳನ್ನು ನೋಡಲೇಬೇಕು ಎಂದು ಒತ್ತಿ ಬರೆಯಿರಿ.

ಹೆಗಲು ಎತ್ತಿಸುವ, ಕತ್ತು ತಿರುಗಿಸುವ ಹನ್ನೊಂದನೆಯದಕ್ಕೆ ಒಂದು ಪ್ಯಾರಾ ಸಾಕು. ಕತ್ತಿನ ಬದಿಯ ಗಂಟು ತೆಗೆಸಿಕೊಂಡ ಮೇಲೆ ಅಡಿಕೆಗೆ ದೋಟಿ ಎತ್ತಲಿಕ್ಕೆ ಆಗದಿದ್ದರೆ ಈ ನರಕ್ಕೆ ಪೆಟ್ಟಾಗಿರಬಹುದು. ಮುಖವನ್ನು ಬಲಕ್ಕೆ ತಿರುಗಿಸುವುದು ಎಡಗತ್ತಿನ ಸ್ನಾಯು ಎಂಬುದನ್ನು ಮರೆಯಬೇಡಿ.

ತಿದ್ದಿ ಬರೆದದ್ದು ಎಂಟುನೂರು ಪದ ದಾಟದಿರಲಿ. ಬಾಯಿ ತೆರೆದ ಚಿತ್ರವೊಂದನ್ನು ಪೆನ್ಸಿಲ್‌ನಲ್ಲಿ ಬರೆದು ಕಳಿಸಿ, ಎಡ ಬಲ ರೋಗಿಯದ್ದೋ ನೋಡುವವರದ್ದೋ ಎಂದು ಗುರುತು ಹಾಕಿ. ಫೈಲ್ ಯೂನಿಕೋಡ್‌ನಲ್ಲಿರಲಿ. ಈ ಸಲದ್ದರಲ್ಲಿ ಒತ್ತಕ್ಷರಗಳೆಲ್ಲ ಒಡೆದು ಬಂದಿವೆ.